ನೋವಿಗೆ ನಾನು ಹೇಳಿದ ದರ

ಬೆರಳು ಮುರಿದದ್ದಕ್ಕೆ ನನಗೆ ಸಿಟ್ಟಿಲ್ಲ. ಕಬ್ಬಿಣದ ಶಟರಿನ ಸಂದಿಗೆ ಬೆರಳು ಸಿಕ್ಕರೆ ಮುರಿಯುತ್ತದೆ, ಕಬ್ಬಿಣದ ಕೆಲಸವೇ ಅದು. ಸಿಟ್ಟು ಇರುವುದು ಆಮೇಲೆ ನಡೆದದ್ದರ ಮೇಲೆ. ಮುರಿದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತ ಮನುಷ್ಯನಿಗೆ "ನೋವು ಎಷ್ಟಿದೆ, ಒಂದರಿಂದ ಹತ್ತರೊಳಗೆ ಹೇಳಿ" ಎಂದು ಕೇಳಿ, ಅವನು ಹೇಳಿದ ಅಂಕಿಯನ್ನು ಹಾಗೇ ನಂಬಿಬಿಟ್ಟರಲ್ಲ, ಅವರ ಮೇಲೆ.

ನಂಬಬಾರದಿತ್ತೇನು ಎಂದು ನೀವು ಕೇಳಬಹುದು. ನಂಬಬಾರದಿತ್ತು. ನಮ್ಮ ಕಡೆಯ ಯಾವ ಮನುಷ್ಯನೂ ನಂಬುತ್ತಿರಲಿಲ್ಲ.

ನಾನು ಬದುಕು ಕಲಿತದ್ದು ದನದ ಸಂತೆಯಲ್ಲಿ. ಕನಮಡಿಯ ಸೋದರಮಾವ ದನದ ದಲ್ಲಾಳಿ. ಮೀಸೆ ಮೂಡುವ ಮೊದಲೇ ಅವನ ಹಿಂದೆ ಸಂತೆಯಿಂದ ಸಂತೆಗೆ ತಿರುಗಿದವನು ನಾನು. ಗೊತ್ತಿಲ್ಲದವರಿಗೆ ಹೇಳಬೇಕು: ಅಲ್ಲಿ ಎತ್ತಿನ ದರವನ್ನು ಯಾರೂ ಬಾಯಿಂದ ಹೇಳುವುದಿಲ್ಲ. ಕೊಡುವವನೂ ಕೊಳ್ಳುವವನೂ ಬಲಗೈಗಳನ್ನು ಒಂದು ಟವೆಲ್ಲಿನ ಕೆಳಗೆ ಕೂಡಿಸುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಐದು ದಾಟಿದ ಅಂಕಿಗೆ ಮೊದಲು ಕೈ ಹಿಡಿದು, ಬಿಟ್ಟು, ಉಳಿದಷ್ಟು ಬೆರಳು ಹಿಡಿಯಬೇಕು. ಮೇಲೆ ಬಾಯಿ ಬೇರೆಯದೇ ಮಾತಾಡುತ್ತಿರುತ್ತದೆ, ನಿಮ್ಮೂರಾಗ ಮಳಿ ಹೆಂಗ, ಮಗಳಿಗೆ ವರ ಸಿಕ್ಕಿತೇನು ಅಂತ. ಸುತ್ತ ನಿಂತ ಮಂದಿಗೆ ಟವೆಲ್ಲು ಅಲುಗಾಡುವುದಷ್ಟೇ ಕಾಣುತ್ತದೆ. ಗರಜು ಎಂದರೆ ಅಗತ್ಯ, ಅದರ ಬಗ್ಗೆ ಮಾವ ಮೊದಲ ದಿನವೇ ಹೇಳಿದ್ದ:

"ಲೇ, ಬಾಯಿಲೆ ಹೇಳಿದ್ದು ಅಂಕಿ ಅಲ್ಲ, ಗಾಳಿ. ನಿನ್ನ ಗರಜು ಎಷ್ಟೈತಿ ಅನ್ನೂದು ಬಾಯಿಗಿ ಬಂತಂದ್ರ ನಿನ್ನ ಎತ್ತು ಹೋತು, ನೀನೂ ಹೋದಿ."

ಆಮೇಲೆ ಸಂತೆಯಲ್ಲಿ ಎತ್ತು ಕಡಿಮೆಯಾದವು, ತಿಕೋಟಾ ಸುತ್ತ ದ್ರಾಕ್ಷಿ ಬಂತು, ನಾನು ಎತ್ತು ಬಿಟ್ಟು ಒಣದ್ರಾಕ್ಷಿ, ನಮ್ಮ ಕಡೆಯ ಮಣುಕ, ಹಿಡಿದೆ. ಇಟ್ಟಂಗಿಹಾಳದಿಂದ ತಿಕೋಟಾದ ಆಚೆಯವರೆಗೆ ಹಸಿರು ಬಲೆ ಇಳಿಬಿಟ್ಟ ಒಣಗಿಸುವ ಶೆಡ್ಡುಗಳಿವೆಯಲ್ಲ, ಅವುಗಳಲ್ಲಿ ನಾನು ಕಾಲಿಡದ ಶೆಡ್ಡು ಕಡಿಮೆ. ಮಾಲು ನೋಡಲು ನನಗೆ ಮಷೀನು ಬೇಕಿಲ್ಲ. ಒಂದು ಮಣುಕವನ್ನು ಹೆಬ್ಬೆರಳು ನಡುಬೆರಳುಗಳ ನಡುವೆ ಇಟ್ಟು ಹೊರಳಿಸಿದರೆ ಎಷ್ಟು ನೀರು ಉಳಿದಿದೆ, ಹೋದ ವರ್ಷದ ಮಾಲು ಬೆರೆಸಿದ್ದಾರೋ, ಡಬ್ಬಿಯಲ್ಲಿ ಇಟ್ಟರೆ ಉಂಡೆ ಕಟ್ಟುತ್ತದೋ ಎಲ್ಲವೂ ತಿಳಿಯುತ್ತದೆ. ತೋರುಬೆರಳಿಗೆ ಅಷ್ಟು ತಾಳ್ಮೆ ಇಲ್ಲ. ನಡುಬೆರಳೇ ಆಗಬೇಕು. ಅದು ನನ್ನ ಅಂಗಡಿ, ಅದೇ ತಕ್ಕಡಿ. ಆ ಬೆರಳೊಂದು ಹೋದರೆ ಶೆಡ್ಡಿನ ಬಾಗಿಲಲ್ಲಿ ನಾನೂ ಹತ್ತರಲ್ಲಿ ಹನ್ನೊಂದನೆಯವನು.

ಆ ಬೆರಳೇ ನನ್ನನ್ನು ಹೊರದೇಶಕ್ಕೂ ಕರೆದುಕೊಂಡು ಹೋಯಿತು. ಕೊಲ್ಲಿ ದೇಶದ ಸೇಠ ಒಬ್ಬ ವಿಜಯಪುರಕ್ಕೆ ಮಾಲು ಕೊಳ್ಳಲು ಬಂದಿದ್ದ. ಕೋಲ್ಡ್ ಸ್ಟೋರೇಜಿನ ಬಾಗಿಲಲ್ಲಿ ಅವನಿಗೆ ತೋರಿಸಿದ ಡಬ್ಬಿಗಳನ್ನು ನಾನು ಅವನ ಮುಖ ನೋಡುತ್ತಲೇ ಬೆರಳಿನಲ್ಲಿ ಹೊರಳಿಸಿ, ಇದು ಹೊಸದು, ಇದು ಹಳೆಯದು ಎಂದು ಬೇರೆ ಮಾಡಿದೆ. ಆತ ಅಲ್ಲೇ ನಿಂತು, ನಮ್ಮ ಅಂಗಡಿಗೆ ಬಾ, ಮಾಲು ನೋಡುವುದಷ್ಟೇ ಕೆಲಸ ಎಂದ. ಹೋದೆ. ಮನೆಯಾಕಿ ವಿಜಯಪುರದ ಮನೆಯಲ್ಲಿ ಉಳಿದಳು. ನಾನು ಅಲ್ಲಿ ಅಂಗಡಿಯ ಮೇಲಿನ ಖೋಲಿಯಲ್ಲಿ, ಏಸಿ ಗಾಳಿಯಲ್ಲಿ, ಎರಡು ವರ್ಷದ ಹತ್ತಿರ ಇದ್ದೆ. ವ್ಯಾಪಾರದಲ್ಲಿ ಅಲ್ಲಿ ಯಾರಿಂದಲೂ ನನಗೆ ಮೋಸ ಮಾಡಲಾಗಲಿಲ್ಲ. ಮೋಸ ಮಾಡಿದ್ದು ದವಾಖಾನೆ.

ಒಂದು ಬೆಳಿಗ್ಗೆ ಗೋದಾಮಿನ ಶಟರ್ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಕೈಹಾಕಿ ಎಳೆದೆ. ಅದು ಒಮ್ಮೆಲೇ ಇಳಿಯಿತು. ನಡುಬೆರಳು ಎರಡು ಪಟ್ಟಿಗಳ ನಡುವೆ ಹೋಗಿ ಚಟ್ ಎಂದಿತು. ಹಸಿ ಜೋಳದ ದಂಟು ಮುರಿದ ಹಾಗೆ. ರಕ್ತ ಹೆಚ್ಚಿಲ್ಲ. ಸಣ್ಣ ಅಪಘಾತ, ಯಾರಿಗೆ ಬೇಕಾದರೂ ಆಗುವಂಥದು. ಅಂಗಡಿಯ ಇಬ್ಬರು ಹಮಾಲರು ನನ್ನನ್ನು ಹತ್ತಿರದ ದವಾಖಾನೆಗೆ ಕರೆದುಕೊಂಡು ಹೋದರು.

ದವಾಖಾನೆ ಅಂದರೆ ಗಾಜಿನ ಅರಮನೆ. ಮದ್ದಿನ ವಾಸನೆ ಸಹ ಇಲ್ಲ. ಕೌಂಟರಿನಲ್ಲಿ ಕೂತವನು ಬೆರಳು ನೋಡಲಿಲ್ಲ, ವಿಮೆಯ ಕಾರ್ಡ್ ಕೇಳಿದ. ಕಾರ್ಡ್ ನನ್ನ ಬಳಿ ಇರಲಿಲ್ಲ. ಎಲ್ಲರ ಕಾರ್ಡೂ ಸೇಠನ ಮೇಜಿನ ಖಾನೆಯಲ್ಲಿ, ಖಾನೆಯ ಕೀಲಿ ಸೇಠನ ಕಿಸೆಯಲ್ಲಿ, ಸೇಠ ಕಾರಿನಲ್ಲಿ, ಕಾರು ಎಲ್ಲೋ. ಅವನು ಬಂದು ಕಾರ್ಡ್ ಕಳಿಸುವವರೆಗೆ ನಾನು ಕುರ್ಚಿಯಲ್ಲಿ ಕೈ ಮೇಲೆತ್ತಿಕೊಂಡು ಕೂತೆ. ಶಾಲೆಯಲ್ಲಿ ಶಿಕ್ಷೆಗೆ ಕೈಯೆತ್ತಿ ನಿಲ್ಲಿಸುತ್ತಿದ್ದರಲ್ಲ, ಹಾಗೆ.

ಹೊರದೇಶಕ್ಕೆ ಹೋಗುವವರಿಗೆ ನನ್ನದೊಂದು ಮಾತು, ಬೇಕಾದವರು ಗಂಟು ಕಟ್ಟಿಕೊಳ್ಳಿ. ನಿಮ್ಮ ದವಾಖಾನೆ ಕಾರ್ಡು ನಿಮ್ಮ ಕಿಸೆಯಲ್ಲಿರಲಿ. ಮಾಲಕ ಎಷ್ಟೇ ಒಳ್ಳೆಯವನಿರಲಿ, ಅವನ ಒಳ್ಳೆಯತನ ಅವನ ಖಾನೆಯಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ.

ಕಾರ್ಡು ಬಂತು. ಒಬ್ಬ ನರ್ಸಮ್ಮ ಒಳಗೆ ಕರೆದಳು. ಒಳ್ಳೆಯವಳೇ, ಅವಳ ಮೇಲೆ ನನಗೆ ತಕರಾರಿಲ್ಲ. ಬಿಪಿ ನೋಡಿದಳು, ಜ್ವರ ನೋಡಿದಳು. ಆಮೇಲೆ ಗೋಡೆಯ ಮೇಲಿನ ಹಲಗೆಯೊಂದನ್ನು ತೋರಿಸಿದಳು. ಅದರಲ್ಲಿ ಸಾಲಾಗಿ ದುಂಡು ಮುಖಗಳು. ಮೊದಲನೆಯದು ನಗುತ್ತಿತ್ತು, ಕೊನೆಯದು ಅಳುತ್ತಿತ್ತು. ಕೆಳಗೆ ಒಂದರಿಂದ ಹತ್ತು.

"ನೋವು ಎಷ್ಟಿದೆ, ಕಾಕಾ? ಅಂಕಿ ಹೇಳಿ," ಎಂದಳು ಹಿಂದಿಯಲ್ಲಿ.

ಪರದೆ ಅರ್ಧ ತೆರೆದಿತ್ತು. ಆಚೆ ಇಬ್ಬರು ಹಮಾಲರು ನಿಂತಿದ್ದರು, ಒಬ್ಬನ ಕೈಯಲ್ಲಿನ ಫೋನಿನಿಂದ ಸೇಠನ ದನಿ ಎಲ್ಲರಿಗೂ ಕೇಳುತ್ತಿತ್ತು, ಕುರ್ಚಿಗಳಲ್ಲಿ ಹತ್ತಾರು ಮಂದಿ ಇದ್ದರು. ಬೆರಳು ನಿಜವಾಗಿ ಎಂಟು ಅನ್ನುತ್ತಿತ್ತು. ಒಂಬತ್ತು ಅಂದರೂ ಸುಳ್ಳಾಗುತ್ತಿರಲಿಲ್ಲ. ಆದರೆ ನಾಕು ಮಂದಿಯ ನಡುವೆ ಒಬ್ಬರು ನಿನ್ನ ಅಂಕಿ ಹೇಳು ಎಂದು ಕೇಳಿದಾಗ ನನ್ನಂಥವನ ತಲೆಯಲ್ಲಿ ಏಳುವುದು ಒಂದೇ ದನಿ, ಮಾವನದು. ಗರಜು ತೋರಿಸಬ್ಯಾಡ. ಎಂಟು ಅಂದೆನೋ, ಇವ ಸಿಕ್ಕ ಅಂತ ಲೆಕ್ಕ ಹಾಕುತ್ತಾರೆ, ಬೇಡದ ಪರೀಕ್ಷೆ ಬೇಡದ ಸೂಜಿ ಎಲ್ಲ ಇಳಿಸುತ್ತಾರೆ. ಕೆಳಗಿಂದ ಹಿಡಿಯಬೇಕು. ನಾನು ಎರಡು ಅನ್ನಬೇಕು, ಆಕೆ ಬೆರಳು ನೋಡಿ "ಎರಡೇನು ಮಾತು, ಇದು ಒಂಬತ್ತು" ಅನ್ನಬೇಕು, ನಾನು ನಾಲ್ಕು, ಆಕೆ ಎಂಟು, ಕಡೆಗೆ ಏಳಕ್ಕೆ ಬಂದು ನಿಲ್ಲಬೇಕು. ಜಗತ್ತಿನಲ್ಲಿ ಅಂಕಿ ಕೇಳುವ ರೀತಿ ಅದು.

"ಎರಡು," ಎಂದೆ.

ಆಕೆ "ಸರಿ" ಎಂದು ಎರಡು ಬರೆದುಕೊಂಡು ಹೋಗಿಬಿಟ್ಟಳು.

ನಾನು ಕಾಯುತ್ತಾ ಕೂತೆ. ಎದ್ದು ಹೋಗುವುದೂ ವ್ಯಾಪಾರದ ಒಂದು ಪಟ್ಟು, ತಿರುಗಿ ಬರುತ್ತಾಳೆ ಎಂದುಕೊಂಡೆ. ಬರಲಿಲ್ಲ. ಡಾಕ್ಟರ್ ಎಂಬ ಹುಡುಗ ಬಂದ. ಕಂಪ್ಯೂಟರಿನಲ್ಲಿದ್ದ ಎರಡನ್ನು ನೋಡಿದ, ಎಕ್ಸ್‌ರೇ ತೆಗೆಸಿದ, ಬೆರಳಿಗೊಂದು ತಗಡಿನ ಪಟ್ಟಿ ಇಟ್ಟು ಸುತ್ತಿದ. "ಎಲುಬು ಬಿರುಕು ಬಿಟ್ಟಿದೆ, ಎಲುಬಿನ ಡಾಕ್ಟರು ನೋಡಬೇಕು, ವಿಮೆಯವರ ಒಪ್ಪಿಗೆ ಬಂದ ಮೇಲೆ ಫೋನ್ ಮಾಡುತ್ತೇವೆ" ಎಂದ. ಬೆರಳನ್ನು ಮುಟ್ಟಿ ಸಹ ನೋಡಲಿಲ್ಲ. ಮುಟ್ಟಿದ್ದರೆ ನಾನು ಕೂಗುತ್ತಿದ್ದೆ, ಕೂಗಿದ್ದರೆ ಎರಡು ಸುಳ್ಳು ಎಂದು ಅವನಿಗೆ ತಿಳಿಯುತ್ತಿತ್ತು. ಎತ್ತು ಕೊಳ್ಳುವವನು ಅದರ ಹಲ್ಲು ಹಿಡಿದು ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ. ನಿನಗೆ ಎಷ್ಟು ವಯಸ್ಸು ಅಂತ ಎತ್ತನ್ನೇ ಕೇಳುವುದಿಲ್ಲ.

ಅಂದು ಮನೆಯಾಕಿಗೆ ಫೋನ್ ಮಾಡಿದೆ.

"ಬ್ಯಾನಿ ಬಾಳ ಐತೇನು?" ಎಂದಳು.

"ಏನೂ ಇಲ್ಲ. ಸಣ್ಣದು."

"ನೀ ಏನೂ ಇಲ್ಲ ಅಂದಿ ಅಂದ್ರ ಬಾಳ ಐತಿ. ಇದ್ದಷ್ಟು ಡಾಕ್ಟರಿಗಿ ಹೇಳಿದೇನಿಲ್ಲ?"

"ಹೇಳೀನಿ."

"ಏನ್ ಹೇಳಿದಿ?"

ನಾನು ಮಾತು ತಿರುಗಿಸಿದೆ. ನೋಡಿ, ವಿಜಯಪುರದಲ್ಲಿ ಕೂತ ಹೆಂಗಸಿಗೆ ಸಮುದ್ರದಾಚೆಯ ನನ್ನ ಬೆರಳು ಕಾಣುತ್ತಿತ್ತು. ಎದುರಿಗೆ ನಿಂತ ಡಾಕ್ಟರಿಗೆ ಕಾಣಲಿಲ್ಲ.

ಫೋನು ಬರಲಿಲ್ಲ. ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು, ದಪ್ಪವೂ ಅಷ್ಟೇ. ಊಟ ಎಡಗೈಯಿಂದ. ಮಾಲು ನೋಡಲು ಎಡಗೈ ಹಾಕಿದೆ, ಅದು ಕುರುಡು ಕೈ, ಏನೂ ಹೇಳಲಿಲ್ಲ. ಸೇಠನಿಗೆ ಹೇಳಿದೆ. "ವಿಮೆ ಇದೆಯಲ್ಲ, ಬರುತ್ತದೆ ಬಿಡು" ಎಂದ. ಕಡೆಗೆ ಒಂದು ದಿನ ನಾನೇ ಕೌಂಟರಿಗೆ ಹೋದೆ.

ಅದೇ ಮನುಷ್ಯ ಕಂಪ್ಯೂಟರ್ ಒತ್ತಿ ನೋಡಿ, "ನಿಮ್ಮದು ಅರ್ಜೆಂಟ್ ಸಾಲಿನಲ್ಲಿಲ್ಲ. ನೋವು ಎರಡು ಎಂದಿದ್ದೀರಿ. ಅರ್ಜೆಂಟ್ ಇದ್ದವರದು ಮೊದಲು," ಎಂದ.

"ಈಗ ಎಂಟು," ಎಂದೆ.

"ಎರಡು ಇದ್ದದ್ದು ಎಂಟು ಹೇಗಾಯಿತು? ಮತ್ತೆ ಬಿದ್ದಿರೇನು?"

"ಬಿದ್ದಿಲ್ಲ. ಮೊದಲೂ ಎಂಟೇ ಇತ್ತು."

"ಹಾಗಾದರೆ ಎರಡು ಎಂದು ಯಾಕೆ ಹೇಳಿದಿರಿ?"

ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಅವನನ್ನು ಕನಮಡಿಗೆ ಕರೆದುಕೊಂಡು ಹೋಗಿ ಮಾವನ ಮುಂದೆ ಕೂರಿಸಬೇಕಿತ್ತು. ನನಗೆ ತಲೆ ಕಾದಿತ್ತು. ಬಾಯಿಗೆ ಬಂದದ್ದು ಸಂತೆಯ ಹಳೆಯ ಮಾತೇ:

"ಆರಕ್ಕೆ ಮುಗಿಸಿ. ನಿಮ್ಮದೂ ಬೇಡ, ನನ್ನದೂ ಬೇಡ."

ಅವನು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಹೊಸ ಅಂಕಿ ಬೇಕಾದರೆ ಹೊಸ ಫೈಲು, ಹೊಸ ಫೈಲಿಗೆ ಹೊಸ ಟೋಕನ್ನು ಎಂದ. ನಾನು ದನಿ ಏರಿಸಿದೆ. ನನ್ನ ಬೆರಳು ನಿಮ್ಮ ಮುಂದೇ ಇದೆ, ಕಣ್ಣು ಇಲ್ಲೇನು, ಅಂಕಿಯನ್ನು ಯಾಕೆ ನೋಡುತ್ತೀರಿ ಎಂದೆ. ಸಮವಸ್ತ್ರದವನೊಬ್ಬ ಬಂದು ನನ್ನ ಹೆಗಲ ಮೇಲೆ ಮೆತ್ತಗೆ ಕೈಯಿಟ್ಟ. ಮೆತ್ತಗಿನ ಕೈ ಎಷ್ಟು ಅವಮಾನ ಮಾಡುತ್ತದೆಂದು ಅಂದು ಕಲಿತೆ. ಸಂತೆಯಲ್ಲಿ ಜಗಳ ಬಂದರೆ ಕುತ್ತಿಗೆಪಟ್ಟಿ ಹಿಡಿಯುತ್ತಾರೆ, ಆಮೇಲೆ ಚಹಾ ಕುಡಿಸುತ್ತಾರೆ. ಇಲ್ಲಿ ಬಾಗಿಲು ತೋರಿಸಿ "ಶುಭದಿನ" ಅಂದರು.

ಮರುದಿನ ನನ್ನ ಫೋನಿಗೆ ದವಾಖಾನೆಯಿಂದ ಒಂದು ಸಂದೇಶ ಬಂತು. ಒಪ್ಪಿಗೆ ಬಂತು ಅಂತ ಓಡೋಡಿ ತೆಗೆದೆ. ನಮ್ಮ ಸೇವೆಗೆ ಒಂದರಿಂದ ಹತ್ತರೊಳಗೆ ಎಷ್ಟು ಕೊಡುತ್ತೀರಿ ಎಂದು ಕೇಳಿದ್ದರು. ಸೊನ್ನೆ ಹುಡುಕಿದೆ. ಸೊನ್ನೆಯನ್ನು ಅವರು ಇಟ್ಟಿರಲಿಲ್ಲ.

ಒಪ್ಪಿಗೆ ಬರುವ ಹೊತ್ತಿಗೆ ಎಲುಬು ತನಗೆ ತೋಚಿದ ಹಾಗೆ ಕೂಡಿಕೊಂಡಿತ್ತು. ಎಲುಬಿನ ಡಾಕ್ಟರು ಹಿರಿಯ, ಕನ್ನಡಕ ಹಣೆಯ ಮೇಲೆ. ಬೆರಳನ್ನು ತಿರುಗಿಸಿ ನೋಡಿ, ನಡುಗೀಲು ಬಿಗಿದಿದೆ, ಮಡಚುವುದಿಲ್ಲ ಎಂದರು. "ಮೊದಲೇ ಯಾಕೆ ಬರಲಿಲ್ಲ?"

ಮೊದಲೇ ಬಂದಿದ್ದೆ ಸಾಹೇಬರೇ, ನೀವು ಎರಡು ದಾಟಿದವರಿಗೆ ಮಾತ್ರ ಸಿಗುತ್ತಿದ್ದಿರಿ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಕೊಯ್ದು ಸರಿ ಮಾಡಬಹುದು, ಅದಕ್ಕೂ ಒಪ್ಪಿಗೆ ಬೇಕು ಎಂದರು. ಒಪ್ಪಿಗೆ ಎಂಬ ಶಬ್ದ ಕೇಳಿದ್ದೇ ನಾನು ಎದ್ದೆ. ಸೇಠನಿಗೆ ಹೇಳಿದೆ, ನಾನು ಹೊರಟೆ. ಅವನು ತಡೆಯಲಿಲ್ಲ. ತಡೆಯುವುದೇನು, ಅವನು ಕೊಂಡದ್ದು ಬೆರಳನ್ನು. ಮುರಿದ ತಕ್ಕಡಿಯನ್ನು ಯಾರು ಅಂಗಡಿಯಲ್ಲಿ ಇಟ್ಟುಕೊಳ್ಳುತ್ತಾರೆ.

ವಿಜಯಪುರಕ್ಕೆ ಬಂದಿಳಿದಾಗ ಬಲಗೈಯ ನಡುಬೆರಳು ಕಂಬದಂತೆ ನೆಟ್ಟಗೆ ನಿಂತಿತ್ತು. ಕೈ ಮುಗಿಯಲು ಬರುತ್ತಿತ್ತು, ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಹೆಬ್ಬೆರಳನ್ನು ಎಷ್ಟು ಎಳೆದರೂ ಅದರ ತುದಿಗೆ ಮುಟ್ಟುತ್ತಿರಲಿಲ್ಲ. ಮನೆಯಾಕಿ ನೋಡಿದಳು. ಮಾತಾಡಿಸಲು ಬಂದವರೆಲ್ಲ ಕೇಳಿದರು, "ಬ್ಯಾನಿ ಐತೇನೋ?" ನಾನು ಎಲ್ಲರಿಗೂ ಏನೂ ಇಲ್ಲ ಎಂದೆ. ಆಕೆ ಒಳಗಿನಿಂದ ಚಹಾ ತರುತ್ತ ಒಮ್ಮೆ ನನ್ನ ಕಡೆ ನೋಡಿ ಹೋದಳು, ಅಷ್ಟೇ.

ಊರಿನ ಎಲುಬಿನ ಡಾಕ್ಟರ ಬಳಿ ಹೋದರೆ ಅಲ್ಲಿ ಜಾತ್ರೆಯಂಥ ಗದ್ದಲ, ಬೆಂಚಿನ ಮೇಲೆ ಜಾಗವಿಲ್ಲ, ಒಬ್ಬರ ಪ್ಲಾಸ್ಟರಿನ ಕಾಲು ಇನ್ನೊಬ್ಬರ ತೊಡೆಯ ಮೇಲೆ. ನನ್ನ ಸರದಿ ಬಂದಾಗ ಡಾಕ್ಟರು ಫೋನಿನಲ್ಲಿ ಮಾತಾಡುತ್ತಲೇ ನನ್ನ ಬೆರಳನ್ನು ಹಿಡಿದು ಒಮ್ಮೆ ಅಮುಕಿದರು. ನಾನು ಯಪ್ಪಾ ಎಂದೆ. ಫೋನು ಇಟ್ಟರು.

"ಎಲುಬು ಒಂಚೂರು ಸೊಟ್ಟ ಕೂಡೈತಿ. ಅದು ಇರ್ಲಿ. ಕೀಲು ಜಾಮ್ ಆಗೈತಿ ನೋಡ್ರಿ, ಅದು ಬಿಡಬೇಕು. ದಿನಾ ಬಗ್ಗಿಸಿ ಬಗ್ಗಿಸಿ ಬಿಡಿಸಬೇಕು. ಏನ್ ಧಂದೆ ನಿಮ್ದು?"

"ಮಣುಕದ್ದು ರೀ."

"ಹಂಗಾರ ಹೊಸ ಮಾಲು ಶೆಡ್ಡಿಗಿ ಬರೂತನಾ ನೋಡೂಣು. ಅಷ್ಟ್ರಾಗ ಹೆಬ್ಬಟ್ಟಿಗಿ ಮುಟ್ಟಿದ್ರ ನಿಮ್ಮ ಪುಣ್ಯಾ. ಮುಟ್ಟಲಿಲ್ಲಂದ್ರ ಕೊಯ್ಯೂದ. ಕೊಯ್ದ ಮ್ಯಾಲ ಬೆರಳ ಮಡಚತೈತಿ, ಆದ್ರ ಸ್ಪರ್ಶ ಮೊದಲಿನಂಗ ಇರತೈತಿ ಅಂತ ನಾ ಬರದು ಕೊಡಾಂಗಿಲ್ಲ."

ಸ್ಪರ್ಶ ಇಲ್ಲದ ಬೆರಳು ನನಗೆ ಯಾಕೆ ಬೇಕು. ಮಡಚಿ ಕಿಸೆಯಲ್ಲಿ ಇಟ್ಟುಕೊಳ್ಳಲೇನು.

ವ್ಯಾಯಾಮ ಮಾಡಿಸುವ ಹೆಣ್ಣುಮಗಳೊಬ್ಬಳು ಬಬಲೇಶ್ವರದಲ್ಲಿದ್ದಾಳೆ, ಕೈ ಚಲೋ ಎಂದು ಡಾಕ್ಟರೇ ಹೇಳಿದರು. ವಿಜಯಪುರದಿಂದ ಬಸ್ಸು ಹಿಡಿದು ದಿನಾ ಹೋಗುವುದೆಂದಾಯಿತು. ಮನೆಯಾಕಿ ತಾನೂ ಬರುತ್ತೇನೆಂದಳು. ಬೇಡ ಎಂದೆ. "ನೀ ಅಲ್ಲಿ ಏನ್ ಹೇಳ್ತೀ ನಾ ಕೇಳಬೇಕು," ಎಂದು ಚಪ್ಪಲಿ ಮೆಟ್ಟಿದಳು.

ಬಬಲೇಶ್ವರದ ಆ ಖೋಲಿ ಒಂದು ಕಿರಾಣಿ ಅಂಗಡಿಯ ಹಿಂದೆ. ಒಂದು ಮಂಚ, ಎರಡು ಸ್ಟೂಲು, ಬಿಸಿನೀರಿನ ಬಕೆಟ್ಟು. ಹುಡುಗಿ ಚಿಕ್ಕವಳು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಮಂಚದ ಮೇಲೆ ಜೈನಾಪುರದ ಮುದುಕನೊಬ್ಬ ಮೊಣಕಾಲಿಗೆ ಬಿಸಿ ಚೀಲ ಕಟ್ಟಿಕೊಂಡು ಮಲಗಿದ್ದ. ಅವನಿಗೆ ಎಲ್ಲರ ರೋಗವೂ ಬೇಕು. ನನ್ನ ಬೆರಳನ್ನು ನೋಡಿ, "ಏನ್ರಿ ಸಾಹುಕಾರ್ರ, ಹೊರದೇಶಕ್ಕ ಹೋಗಿ ಬೆರಳ ನೆಟ್ಟಗ ಮಾಡಿಸಿಕೊಂಡು ಬಂದೀರಲ್ಲ," ಎಂದ.

ಹುಡುಗಿ ನನ್ನ ಕೈಯನ್ನು ಬಿಸಿನೀರಿನಲ್ಲಿ ಅದ್ದಿಸಿ, ಒರೆಸಿ, ಬೆರಳನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು.

"ಈಗ ನಾ ಬಗ್ಗಸ್ತೀನ್ರಿ ಕಾಕಾ. ನೀವು ಅಂಕಿ ಹೇಳ್ತಾ ಹೋಗ್ರಿ, ಒಂದರಿಂದ ಹತ್ತರತನಾ. ಏಳಕ್ಕ ನಾ ನಿಲ್ಲಸ್ತೀನಿ. ಕಡಿಮಿ ಹೇಳಿದ್ರ ಒಳಗ ಹರೀತೈತಿ. ಜಾಸ್ತಿ ಹೇಳಿದ್ರ ಕೀಲು ಬಿಡಾಂಗಿಲ್ಲ."

ನನಗೆ ಸಿಟ್ಟು ನೆತ್ತಿಗೆ ಏರಿತು. ಸಮುದ್ರ ದಾಟಿ ಬಂದರೂ ಮತ್ತದೇ. "ಏ ತಂಗಿ," ಎಂದೆ, "ಈ ಅಂಕಿ ಕೇಳೂ ಚಟ ನಿಮಗ ಯಾರ್ ಹಚ್ಚ್ಯಾರ? ಈ ಅಂಕಿನ ನನ್ನ ಬೆರಳ ತಿಂದೈತಿ. ನಿಮ್ಮ ಕಣ್ಣಾಗ ಏನೈತಿ? ನೋಡಿ ಹೇಳಾಕ ಬರಾಂಗಿಲ್ಲೇನು?"

ಅವಳು ಹೆದರಲಿಲ್ಲ. "ಕೀಲಿನ ಒಳಗ ನನಗ ಕಾಣಾಂಗಿಲ್ರಿ. ಅಲ್ಲಿರಾವ್ರು ನೀವ. ಎಷ್ಟು?"

ಮುದುಕ ನೋಡುತ್ತಿದ್ದ. ಮನೆಯಾಕಿ ನೋಡುತ್ತಿದ್ದಳು. ಬಾಗಿಲಲ್ಲಿ ಇನ್ನಿಬ್ಬರು ಸರದಿಗೆ ನಿಂತಿದ್ದರು. ಹುಡುಗಿ ಬಗ್ಗಿಸತೊಡಗಿದಳು. ಕೀಲಿನೊಳಗೆ ಗಾಜು ಪುಡಿಯಾಗುವ ಹಾಗೆ ಆಯಿತು.

"ಎರಡು," ಎಂದೆ.

ಇನ್ನೂ ಬಗ್ಗಿಸಿದಳು.

"ಎರಡು."

ಅವಳು ಬೆರಳು ಬಿಟ್ಟಳು. "ಕಾಕಾ, ಎರಡಕ್ಕ ಕಣ್ಣಾಗ ನೀರು ಬರಾಂಗಿಲ್ರಿ."

ಮುದುಕ ಮಂಚದ ಮೇಲೆ ನಕ್ಕ. "ಬಿಡವ್ವ, ಅವ್ರದು ಹೊರದೇಶದ ಎರಡು. ಅಲ್ಲಿ ಎಲ್ಲಾ ತುಟ್ಟಿ."

"ನೀವೇನ್ ಕಡಿಮಿ?" ಎಂದಳು ಹುಡುಗಿ ಅವನಿಗೆ. "ಕಾಲು ಮುಟ್ಟೂದ್ರಾಗ ಹತ್ತು ಅಂತ ಚೀರ್ತೀರಿ. ಇಲ್ಲಿ ಬರೂ ಗಂಡಸರ ಪೈಕಿ ಅರ್ಧ ಮಂದಿ ಏನೂ ಇಲ್ಲ ಅಂತಾರ, ಉಳಿದವ್ರು ಸತ್ತೆ ಅಂತಾರ. ನಡುವಿನ ಅಂಕಿ ಈ ಊರಾಗ ಯಾರಿಗೂ ಬರಾಂಗಿಲ್ಲ. ನಾ ಹೆಂಗ ಕೆಲಸಾ ಮಾಡ್ಲಿ? ನಾಳಿಂದ ಬರಬ್ಯಾಡ್ರಿ ಕಾಕಾ. ಸುಳ್ಳು ಅಂಕಿ ಮ್ಯಾಲ ಬಗ್ಗಿಸಿ ನಿಮ್ಮ ಬೆರಳ ಹರಕೊಂಡು ನಾ ಹೆಸರು ಕೆಡಿಸಿಕೊಳ್ಳಾಂಗಿಲ್ಲ."

ಅವಳು ಕೈ ಒರೆಸಿಕೊಂಡು ಇನ್ನೊಬ್ಬರನ್ನು ಕರೆದಳು. ನನಗೆ ಅವಳ ಮೇಲೂ ಸಿಟ್ಟು, ಮುದುಕನ ಮೇಲೂ ಸಿಟ್ಟು. ಆದರೆ ಎದ್ದು ಬಾಗಿಲಿಗೆ ಬಂದವನಿಗೆ ಕಾಲು ಮುಂದೆ ಹೋಗಲಿಲ್ಲ. ಈ ಬಾಗಿಲು ದಾಟಿದರೆ ಮುಂದಿನದು ಕೊಯ್ಯುವ ಬಾಗಿಲು. ವ್ಯಾಪಾರ ಬಲ್ಲವನಿಗೆ ಯಾವಾಗ ಎದ್ದು ಹೋಗಬೇಕು ಎಂಬುದಷ್ಟೇ ಗೊತ್ತಿದ್ದರೆ ಸಾಲದು, ಯಾವಾಗ ತಿರುಗಿ ಬಂದು ಕೂರಬೇಕು ಎಂಬುದೂ ಗೊತ್ತಿರಬೇಕು.

"ತಂಗಿ," ಎಂದೆ, "ಬಾಯಿಲೆ ಖರೇ ಅಂಕಿ ಹೇಳಾಕ ನನಗ ಬರಾಂಗಿಲ್ಲ. ಸುಳ್ಳು ಅಲ್ಲ ಇದು. ಬರಾಂಗಿಲ್ಲ ಅಷ್ಟ. ಟವೆಲ್ ಕೆಳಗ ಆದ್ರ ಹೇಳ್ತೀನಿ."

ಮುದುಕ ಎದ್ದು ಕೂತ. ಜೈನಾಪುರದವನಿಗೆ ಬಿಡಿಸಿ ಹೇಳಬೇಕೇ. ಹೆಗಲ ಮೇಲಿನ ಟವೆಲ್ಲು ತೆಗೆದು ಝಾಡಿಸಿ, "ಹೌದ ನೋಡು, ಖರೇ ಮಾತು. ಕೊಡ್ರಿ ಇತ್ತ ಎಡಗೈ, ನಾ ಹಿಡೀತೀನಿ. ನಲವತ್ತು ಜೋಡಿ ಎತ್ತು ದಾಟ್ಯಾವ ಈ ಕೈಯಾಗ," ಎಂದ.

ಹುಡುಗಿಯ ಎರಡೂ ಕೈ ಬೆರಳು ಬಗ್ಗಿಸಲು ಬೇಕು. ಆದ್ದರಿಂದ ಟವೆಲ್ಲಿನ ಕೆಳಗೆ ಇನ್ನೊಂದು ಕೈ ಬೇಕಿತ್ತು, ನಿಜ. ನಾನು ಎಡಗೈಯನ್ನು ಮುದುಕನ ಕಡೆ ಚಾಚಿದೆ. ಅಷ್ಟರಲ್ಲಿ ಮನೆಯಾಕಿ ಸ್ಟೂಲು ಎಳೆದುಕೊಂಡು ನಡುವೆ ಬಂದು ಕೂತಳು.

"ಟವೆಲ್ ಇತ್ತ ಕೊಡ್ರಿ ಅಜ್ಜಾ. ನಾ ಹಿಡೀತೀನಿ."

"ಹೆಣ್ಮಕ್ಕಳು ಟವೆಲ್ ಕೆಳಗ ಕೈ ಹಾಕಿದ್ದು ನಾ ಎಲ್ಲೂ ಕಂಡಿಲ್ಲವ್ವ," ಎಂದ ಮುದುಕ.

"ಈಗ ಕಾಣ್ರಿ. ಎತ್ತು ನಂದು."

ನಾನೂ ಕಂಡಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ವ್ಯಾಪಾರದ ಒಂದು ಅಂಕಿಯನ್ನೂ ಆಕೆಗೆ ಹೇಳಿದವನಲ್ಲ ನಾನು, ನೋವಿನದಂತೂ ದೂರ. ಟವೆಲ್ಲಿನ ಕೆಳಗೆ ಆಕೆಯ ಕೈ ಬೆಚ್ಚಗಿತ್ತು, ಅಂಗೈಯಲ್ಲಿ ರೊಟ್ಟಿ ಬಡಿದ ಗಟ್ಟಿತನ. ಐದಕ್ಕೆ ಕೈ, ಆಮೇಲೆ ಬೆರಳು ಎಂದು ಒಂದೇ ಮಾತಿನಲ್ಲಿ ಹೇಳಿದೆ. ಆಕೆ ಗೊತ್ತು ಎಂದಳು. ಹೇಗೆ ಗೊತ್ತೋ ನನಗೆ ಗೊತ್ತಿಲ್ಲ.

ಹುಡುಗಿ ಬಗ್ಗಿಸತೊಡಗಿದಳು. ನಾನು ಆಕೆಯ ಮೂರು ಬೆರಳು ಹಿಡಿದೆ. ಗೋಡೆ ನೋಡುತ್ತ, ಈ ಸಲ ಜೋಳಾ ಹೆಂಗ ಐತ್ರಿ ಜೈನಾಪುರದಾಗ ಎಂದು ಮುದುಕನನ್ನು ಕೇಳಿದೆ. ನಾಲ್ಕು ಹಿಡಿದೆ. ಮುದುಕ ಜೋಳದ ಬಗ್ಗೆ ಏನೋ ಹೇಳುತ್ತಿದ್ದ. ಇಡೀ ಕೈ ಹಿಡಿದೆ. ಬಿಟ್ಟು ಒಂದು. ಮನೆಯಾಕಿ ಸುಮ್ಮನಿದ್ದಳು. ಬಿಟ್ಟು ಎರಡು ಹಿಡಿದೆ.

"ಸಾಕು, ನಿಲ್ಲಸವ್ವ," ಎಂದಳು.

ಅಂಕಿಯನ್ನು ಬಾಯಿಗೆ ತರಲಿಲ್ಲ. ಖೋಲಿಯಲ್ಲಿ ಇದ್ದವರಿಗೆ ಟವೆಲ್ಲು ಅಲುಗಾಡಿದ್ದಷ್ಟೇ ಕಂಡಿತು. ಮಾವ ಇದ್ದಿದ್ದರೆ ಅವಳನ್ನು ಅಂದೇ ದಲ್ಲಾಳಿಕೆಗೆ ಇಳಿಸುತ್ತಿದ್ದ.

ಅಂದಿನಿಂದ ದಿನವೂ ಅದೇ. ಹುಡುಗಿ ಬಗ್ಗಿಸುತ್ತಿದ್ದಳು, ನಾನು ಊರ ಸುದ್ದಿ ಮಾತಾಡುತ್ತಿದ್ದೆ, ಕೆಳಗೆ ನನ್ನ ಎಡಗೈ ಖರೇ ಹೇಳುತ್ತಿತ್ತು. ಮನೆಯಾಕಿ ಸ್ವಲ್ಪ ದಿನದಲ್ಲಿ ಚೌಕಾಶಿಯನ್ನೂ ಕಲಿತಳು. ನಾನು ಆರಕ್ಕೇ ಏಳು ಹಿಡಿದರೆ ಆಕೆ ತನ್ನ ಒಂದು ಬೆರಳನ್ನು ತಿರುಗಿ ಬಿಡಿಸಿಕೊಂಡು, "ಇನ್ನೊಂದೀಟು ಹೋಗ್ಲಿ," ಎನ್ನುತ್ತಿದ್ದಳು. ಮುದುಕನ ಹೆಂಡತಿಯೂ ಒಂದು ದಿನ ಬಂದು ಅವನ ಟವೆಲ್ಲಿನ ಕೆಳಗೆ ಕೈ ಹಾಕಿದಳು. ಅವನ ಹತ್ತು ನಾಲ್ಕಕ್ಕೆ ಇಳಿಯಿತು.

ಇದನ್ನು ಓದಿ, ಕಡೆಗೆ ಎಲ್ಲ ಚಲೋ ಆಯಿತಲ್ಲ ಎಂದು ನೀವು ಪುಸ್ತಕ ಮುಚ್ಚುವುದು ಬೇಡ. ಶೆಡ್ಡುಗಳಿಗೆ ಹೊಸ ಮಾಲು ಬಂದಾಗ ಹೇಗಿತ್ತು ಎಂಬುದನ್ನು ಹೇಳಿ ಮುಗಿಸುತ್ತೇನೆ.

ತಿಕೋಟಾದ ಒಂದು ಶೆಡ್ಡಿಗೆ ಹೋದೆವು, ಮನೆಯಾಕಿಯೂ ಇದ್ದಳು. ಬಲೆಯ ಮೇಲೆ ಮಾಲು ಹಸಿರು ಬಂಗಾರದ ಬಣ್ಣದಲ್ಲಿತ್ತು. ಮಾಲಕ ನನ್ನ ಕೈಯನ್ನೇ ನೋಡುತ್ತಿದ್ದ. ಬೆರಳು ಹೋಯಿತಂತೆ ಎಂಬ ಸುದ್ದಿ ನನಗಿಂತ ಮೊದಲೇ ಶೆಡ್ಡುಗಳನ್ನು ತಿರುಗಿ ಬಂದಿತ್ತು, ಹೋದ ಬೆರಳಿನ ದರವನ್ನೇ ಅವನು ಹೇಳುವವನಿದ್ದ. ನಾನು ಒಂದು ಮಣುಕ ತೆಗೆದೆ. ಹೆಬ್ಬೆರಳು ನಡುಬೆರಳು ಬರಿದಾಗಿ ಕೂಡಿಸಿದರೆ ಈಗಲೂ ಪೂರ್ತಿ ಮುಟ್ಟುವುದಿಲ್ಲ, ಸಂದಿ ಉಳಿಯುತ್ತದೆ. ಆದರೆ ಮಣುಕ ಇಟ್ಟರೆ ಸಂದಿ ತುಂಬುತ್ತದೆ. ಹೊರಳಿಸಿದೆ. ಮೊದಲು ಏನೂ ಕೇಳಲಿಲ್ಲ. ಇನ್ನೊಮ್ಮೆ ಹೊರಳಿಸಿದೆ. ಆಗ ಬೆರಳು ಮೆಲ್ಲಗೆ, ದೂರದಿಂದ ಕೂಗಿದ ಹಾಗೆ ಹೇಳಿತು.

"ಕೆಳಗಿನ ಬಲಿ ಮಾಲು ಇನ್ನೂ ಎರಡು ದಿನಾ ಒಣಗಬೇಕು. ಮ್ಯಾಲಿಂದು ನಡೀತೈತಿ," ಎಂದೆ.

ಮಾಲಕ ಕೆಳಗಿನ ಬಲೆಯಿಂದ ಒಂದನ್ನು ಕಚ್ಚಿ ನೋಡಿದ. ಹೆಗಲಿನ ಟವೆಲ್ಲು ತೆಗೆದ.

ಮಣುಕ ಹಿಡಿಯುವಷ್ಟು ಮಡಚುತ್ತದಲ್ಲ, ಸಾಕು ಎಂದರು ಡಾಕ್ಟರು, ಕೊಯ್ಯುವುದು ತಪ್ಪಿತು. ಮುಷ್ಟಿ ಮಾತ್ರ ಇಂದಿಗೂ ಕಟ್ಟುವುದಿಲ್ಲ, ಆ ಕೌಂಟರಿನವನನ್ನು ನೆನೆದು ಮೇಜು ಗುದ್ದಬೇಕೆನಿಸಿದಾಗ ಎಡಗೈಯನ್ನೇ ಬಳಸಬೇಕು. ಅದಕ್ಕೆ ನನ್ನ ಕೊನೆಯ ಸಲಹೆ. ಹೊರದೇಶದಲ್ಲಿ ಗಾಜಿನ ಅರಮನೆಯಲ್ಲಿ ಯಾರಾದರೂ ನೋವು ಎಷ್ಟು ಎಂದು ಕೇಳಿದರೆ ಇದ್ದದ್ದಕ್ಕಿಂತ ಎರಡು ಕೂಡಿಸಿ ಹೇಳಿ, ಕೂಗಿ ಹೇಳಿ. ಅವರಿಗೆ ಅಂಕಿ ತಿರುಗಿಸಿ ಕೇಳಲು ಬರುವುದಿಲ್ಲ. ಕಲಿಸುವವರೂ ಅಲ್ಲಿ ಯಾರೂ ಇಲ್ಲ.

ಆ ದಿನ ಶೆಡ್ಡಿನಿಂದ ಹೊರಗೆ ಬರುವಾಗ ಮಾಲಕ, "ಬೆರಳ ಇನ್ನೂ ನೋಯ್ತೈತೇನ್ರಿ?" ಎಂದ. ಏನೂ ಇಲ್ರಿ ಎಂದೆ. ಪಕ್ಕದಲ್ಲಿ ನಡೆಯುತ್ತಿದ್ದ ಮನೆಯಾಕಿಯ ಕೈ ಸೆರಗಿನ ಕೆಳಗಿನಿಂದ ನನ್ನ ಎಡಗೈಗೆ ಬಂತು. ನಾನು ರಸ್ತೆಯ ಕಡೆ ನೋಡುತ್ತ ನಾಲ್ಕು ಬೆರಳು ಹಿಡಿದೆ.